ನೋಟಿಸ್ ಬಂದ ಮನೆಗಳ ಸುದ್ದಿ: ಯಾರನ್ನು ಕೇಳುವುದು, ಯಾರಿಗೆ ಹೇಳುವುದು, ಹೇಗೆ ಮುಟ್ಟಿಸುವುದು?

ಕೊನೆಯ ಬೆಂಚು, ಮಡಿಕೇರಿ:

ಎಲ್ಲರಿಗೂ ನಮಸ್ಕಾರ. ನಾವು ಆರು ಮಂದಿ ಪತ್ರಿಕೋದ್ಯಮದ ಅಂತಿಮ ವರ್ಷದ ವಿದ್ಯಾರ್ಥಿಗಳು. ಮಳೆಗಾಲ ಹಿಡಿಯುವ ಮುನ್ನ ಒಂದು ದೊಡ್ಡ ವರದಿ ಮುಗಿಸಬೇಕು. ವಿಷಯದ ಬಗ್ಗೆ ನಮ್ಮಲ್ಲಿ ತಕರಾರಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಗಳು ಜಾರಿದ ಮೇಲೆ, ಇಳಿಜಾರಿನ ಮನೆಗಳಿಗೆ 'ಸುರಕ್ಷಿತ ಸ್ಥಳಕ್ಕೆ ತೆರಳಿ' ಎಂದು ಮಳೆಗಾಲದಲ್ಲಿ ನೋಟಿಸ್ ಕೊಡುವುದು ವಾಡಿಕೆಯೇ ಆಗಿಬಿಟ್ಟಿದೆ. ನೋಟಿಸ್ ಬಂದವರು ಎಲ್ಲಿಗೆ ಹೋಗುತ್ತಾರೆ, ಹೋಗದೆ ಉಳಿದವರು ಏಕೆ ಉಳಿಯುತ್ತಾರೆ ಎಂಬುದು ನಮ್ಮ ಸುದ್ದಿ.

ಜಗಳ ಇರುವುದು ರೂಪದ ಬಗ್ಗೆ. ಮೂವರಿಗೆ ರೀಲ್ ಬೇಕು. ಇಬ್ಬರಿಗೆ ವಿಭಾಗದ ನಾಲ್ಕು ಪುಟದ ಪ್ರಾಯೋಗಿಕ ಪತ್ರಿಕೆಯೇ ಆಗಬೇಕು. ನನಗೆ ಧ್ವನಿ ವರದಿ ಮಾಡುವ ಆಸೆ. ಜೊತೆಗೆ ಯಾರನ್ನು ಮೊದಲು ಮಾತನಾಡಿಸಬೇಕು ಎಂಬ ಗೊಂದಲವೂ ಇದೆ. ಅಧಿಕಾರಿಗಳಿಂದ ಆರಂಭಿಸಬೇಕೋ, ಮನೆಯವರಿಂದಲೋ? ಅನುಭವಸ್ಥರು ದಾರಿ ತೋರಿಸಬೇಕು.

ರೀಲ್ ಪಕ್ಷ:

ಕೊನೆಯ ಬೆಂಚಿನವಳ ಸಹಪಾಠಿ ನಾನು, ರೀಲ್ ಬೇಕೆನ್ನುವ ಮೂವರಲ್ಲಿ ಒಬ್ಬ. ನಮ್ಮ ವಾದ ಸರಳ: ಇಂದು ಪತ್ರಿಕೆ ಓದುವವರು ಯಾರಿದ್ದಾರೆ? ಪ್ರಾಯೋಗಿಕ ಪತ್ರಿಕೆಯ ಪ್ರತಿಗಳು ಗ್ರಂಥಾಲಯದ ಕಪಾಟಿನಲ್ಲಿ ದೂಳು ತಿನ್ನುತ್ತವೆ. ಮಂಜು ಮುಸುಕಿದ ಬೆಟ್ಟದ ಮೂವತ್ತು ಸೆಕೆಂಡಿನ ವಿಡಿಯೊವನ್ನು ಒಂದೇ ರಾತ್ರಿಯಲ್ಲಿ ಸಾವಿರಾರು ಜನ ನೋಡುತ್ತಾರೆ.

ಹಳೆಯ ಬಾತ್ಮೀದಾರ, ಸೋಮವಾರಪೇಟೆ:

ನೋಡುತ್ತಾರೆ ಸರಿ, ಆದರೆ ಯಾರು? ಕೊಡಗಿನ ಮಂಜು, ಮಳೆ, ಬೆಟ್ಟ ನೋಡುವವರು ಬಹುಪಾಲು ವಾರಾಂತ್ಯಕ್ಕೆ ಹೋಂಸ್ಟೇ ಹುಡುಕುವವರು. ಅವರು ನೋಡಬಾರದೆಂದಲ್ಲ. ಆದರೆ ನೋಟಿಸ್ ಬಂದ ಮನೆಯವನಿಗೂ ಆ ನೋಡುಗನಿಗೂ ಬೇಕಾದ ಸುದ್ದಿ ಬೇರೆ ಬೇರೆ. 'ಕೊಡಗಿಗೆ ಈಗ ಬರಬಹುದೇ' ಎಂಬುದು ಒಬ್ಬನ ಪ್ರಶ್ನೆ. 'ಈ ರಾತ್ರಿ ಇಲ್ಲಿ ಮಲಗಬಹುದೇ' ಎಂಬುದು ಇನ್ನೊಬ್ಬನದು. ಎರಡಕ್ಕೂ ಒಂದೇ ವರದಿಯಲ್ಲಿ ಉತ್ತರ ಕೊಡಲು ಹೊರಟರೆ ಎರಡೂ ಕೆಡುತ್ತವೆ.

ನನ್ನ ಮಟ್ಟಿಗೆ ಹೇಳುವುದಾದರೆ, ಮೊದಲು ಓದುಗನನ್ನು ನಿಶ್ಚಯಿಸಿಕೊಳ್ಳಿ. ಅವನು ಗೊತ್ತಾದರೆ ಯಾರನ್ನು ಕೇಳಬೇಕು ಎಂಬುದು ಅರ್ಧ ಬಗೆಹರಿಯುತ್ತದೆ. ರೂಪದ ಮಾತು ಕೊನೆಗೆ. ನೀವು ತಿರುವುಮುರುವಾಗಿ ಆರಂಭಿಸಿದ್ದೀರಿ.

ರಾತ್ರಿ ಡೆಸ್ಕ್, ಮೈಸೂರು:

ನಾನು ವಿರಾಜಪೇಟೆ ಕಡೆಯವನು, ಈಗ ಮೈಸೂರಿನಲ್ಲಿ ಉಪಸಂಪಾದಕ. ಬಾತ್ಮೀದಾರರ ಮಾತಿಗೆ ಒಂದು ತಿದ್ದುಪಡಿ ಇದೆ. ಓದುಗನನ್ನು ಮೊದಲೇ ಗಟ್ಟಿ ಮಾಡಿಕೊಂಡು ಹೊರಟ ವರದಿಗಾರ, ಆ ಓದುಗನಿಗೆ ಹಿತವಾದದ್ದನ್ನೇ ಹುಡುಕುವ ಅಪಾಯವೂ ಇದೆ. ಆದ್ದರಿಂದ ದಾಖಲೆ ಮೊದಲು, ಜನ ನಂತರ, ಅಧಿಕಾರಿ ಕೊನೆಗೆ. ಅಧಿಕಾರಿಯ ಬಳಿಗೆ ಬರಿಗೈಯಲ್ಲಿ ಹೋದರೆ 'ಎಲ್ಲ ಮುನ್ನೆಚ್ಚರಿಕೆ ಕೈಗೊಳ್ಳಲಾಗಿದೆ' ಎಂಬ ವಾಕ್ಯ ಸಿಗುತ್ತದೆ. ಆ ವಾಕ್ಯ ವಾರ್ತಾ ಇಲಾಖೆಯ ಪ್ರಕಟಣೆಯಲ್ಲೇ ಇರುತ್ತದೆ, ಅದಕ್ಕಾಗಿ ಜಿಲ್ಲಾಧಿಕಾರಿ ಕಚೇರಿಯವರೆಗೆ ನಡೆಯಬೇಕಿಲ್ಲ.

ಯಾವ ದಾಖಲೆ ಎಂದರೆ: ವಿಪತ್ತು ನಿರ್ವಹಣಾ ಕಾಯ್ದೆ 2005ರ 31ನೇ ಕಲಮಿನ ಪ್ರಕಾರ ಪ್ರತಿ ಜಿಲ್ಲೆಗೂ ವಿಪತ್ತು ನಿರ್ವಹಣಾ ಯೋಜನೆ ಇರಲೇಬೇಕು. ಅದನ್ನು ತೆಗೆದು ಓದಿ. ನಿಮ್ಮ ಬಡಾವಣೆಯ ಹೆಸರು ಅದರಲ್ಲಿ ಇದೆಯೇ, ಮನೆ ಬಿಟ್ಟವರು ತಂಗುವ ಕಾಳಜಿ ಕೇಂದ್ರವೆಂದು ಯಾವ ಕಟ್ಟಡವನ್ನು ಗುರುತಿಸಿದ್ದಾರೆ, ನೋಡಿ. ನಂತರ ಆ ಕಟ್ಟಡಕ್ಕೆ ಖುದ್ದಾಗಿ ಹೋಗಿ. ಬೀಗ ಯಾರ ಬಳಿ ಇರುತ್ತದೆ ಎಂದು ಕೇಳಿ. ಶೌಚಾಲಯದ ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ನೋಡಿ. ಸುದ್ದಿ ಅಲ್ಲಿಯೇ ಇರುತ್ತದೆ.

ಕೊನೆಯ ಬೆಂಚು, ಮಡಿಕೇರಿ:

ಸರ್, ಕಳೆದ ವರ್ಷ ಎಷ್ಟು ನೋಟಿಸ್ ಕೊಟ್ಟರು, ಎಷ್ಟು ಕುಟುಂಬ ನಿಜವಾಗಿ ಸ್ಥಳಾಂತರಗೊಂಡಿತು ಎಂಬ ಲೆಕ್ಕ ಹೇಗೆ ಸಿಗುತ್ತದೆ? ಬಾಯಿಮಾತಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ರಾತ್ರಿ ಡೆಸ್ಕ್, ಮೈಸೂರು:

ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳ ಒಳಗೆ. 'ನೋಟಿಸ್ ಬಗ್ಗೆ ಸಂಪೂರ್ಣ ಮಾಹಿತಿ ಕೊಡಿ' ಎಂದು ಬರೆದರೆ ಏನೂ ಬರುವುದಿಲ್ಲ. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಹೊರಡಿಸಿದ ನೋಟಿಸ್‌ಗಳ ಪ್ರತಿ, ವಿತರಣೆಯ ವಹಿಯ ಪ್ರತಿ ಎಂದು ಕಾಗದದ ಹೆಸರು ಹಿಡಿದು ಕೇಳಿ. ಉತ್ತರಕ್ಕೆ 30 ದಿನ ಕಾಲಾವಕಾಶವಿದೆ. ಮಳೆಗೆ ಮೊದಲು ಸುದ್ದಿ ಬರಬೇಕಾದರೆ ಈ ವಾರವೇ ಅರ್ಜಿ ಹೋಗಬೇಕು.

ರೀಲ್ ಪಕ್ಷ:

ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಯಲ್ಲಿ ಕೊಡಬೇಕು ಎಂದು ತರಗತಿಯಲ್ಲಿ ಹೇಳಿದ್ದರಲ್ಲ? ಅದನ್ನೇ ಬಳಸಿದರೆ?

ರಾತ್ರಿ ಡೆಸ್ಕ್, ಮೈಸೂರು:

ಬೇಡಪ್ಪಾ. ಒಬ್ಬ ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಈಗಲೇ ಕುತ್ತಿದ್ದಾಗ ಬಳಸುವ ಅವಕಾಶ ಅದು. ಕಳೆದ ವರ್ಷದ ಲೆಕ್ಕ ಕೇಳಲು ಅದನ್ನು ಬಳಸಿದರೆ ನಿಮ್ಮ ಅರ್ಜಿಯ ಮರ್ಯಾದೆಯೇ ಹೋಗುತ್ತದೆ.

ತೋಟದ ಮನೆ, ಮಾದಾಪುರ:

ಪತ್ರಿಕೋದ್ಯಮ ನನಗೆ ಗೊತ್ತಿಲ್ಲ, ಮಳೆ ಗೊತ್ತು. ವರದಿ ಬರೆಯುವ ಮಕ್ಕಳಿಗೆ ಒಂದು ಮಾತು. ನಮ್ಮ ಕಡೆ ಮಳೆಯ ಲೆಕ್ಕ ಇರುವುದು ಇಂಚು ಮತ್ತು ಸೆಂಟಿನಲ್ಲಿ, ನೂರು ಸೆಂಟಿಗೆ ಒಂದು ಇಂಚು. ನೀವು '115.6 ಮಿಲಿಮೀಟರ್' ಎಂದು ಬರೆದರೆ ನನ್ನ ತಂದೆ ಕನ್ನಡಕ ತೆಗೆದು ಪತ್ರಿಕೆಯನ್ನು ಪಕ್ಕಕ್ಕಿಡುತ್ತಾರೆ. 'ನಾಲ್ಕೂವರೆ ಇಂಚು' ಎಂದರೆ ತಕ್ಷಣ ಎದ್ದು ನೀರು ಹರಿಯುವ ಕಣಿ ಕಟ್ಟಿಕೊಂಡಿದೆಯೇ ನೋಡಲು ಹೋಗುತ್ತಾರೆ. ಹವಾಮಾನ ಇಲಾಖೆ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನ ದರ್ಜೆ ಎನ್ನುತ್ತದೆ. ನಮ್ಮ ಲೆಕ್ಕದಲ್ಲಿ ಎರಡೂವರೆ, ನಾಲ್ಕೂವರೆ, ಎಂಟು ಇಂಚು. ಎರಡನ್ನೂ ಬರೆಯಿರಿ, ಜಾಗವೇನೂ ಹೆಚ್ಚು ಹಿಡಿಯುವುದಿಲ್ಲ.

ಇನ್ನೊಂದು. ಹಳೆಯ ತೋಟದ ಮನೆಗಳಲ್ಲಿ ಹಲವು ದಶಕಗಳ ಮಳೆ ಪುಸ್ತಕ ಇದೆ. ಅದು ನಿಮಗೆ ಒಳ್ಳೆಯ ಮೂಲ. ಆದರೆ ಅಳೆಯುವ ಹೊತ್ತು ಎಷ್ಟೆಂದು ಕೇಳಿಕೊಳ್ಳಿ. ಇಲಾಖೆಯ ದಿನ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ. ನಮ್ಮಲ್ಲಿ ಕೆಲವರು ಆರೂವರೆಗೇ ಅಳೆಯುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು 'ಸರ್ಕಾರ ಮಳೆ ಮುಚ್ಚಿಟ್ಟಿತು' ಎಂದು ಬರೆಯಬೇಡಿ.

ಹಾರಂಗಿ ಜಲಾಶಯದ ಬಗ್ಗೆಯೂ ಹೇಳಿಬಿಡುತ್ತೇನೆ. ಅದರ ಪೂರ್ಣ ಮಟ್ಟ 2859 ಅಡಿ ಎಂಬುದು ಸಮುದ್ರ ಮಟ್ಟದಿಂದ ಲೆಕ್ಕ. 'ಜಲಾಶಯದಲ್ಲಿ 2859 ಅಡಿ ನೀರು' ಎಂದು ಯಾವುದಾದರೂ ಚಾನೆಲ್ಲಿನಲ್ಲಿ ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ.

ಭೂಗೋಳದ ಮೇಷ್ಟ್ರು, ಕುಶಾಲನಗರ:

ನಕ್ಷೆಯ ವಿಷಯ ಯಾರೂ ಎತ್ತಲಿಲ್ಲ. ಭೂಕುಸಿತ ಸಂಭಾವ್ಯತೆಯ ನಕ್ಷೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸಿದ್ಧಪಡಿಸಿದೆ. ವಿದ್ಯಾರ್ಥಿಗಳು ಅದನ್ನು ತೆರೆದು, ಕೆಂಪು ಬಣ್ಣದೊಳಗೆ ಬಿದ್ದ ಮನೆಗಳ ಮೇಲೆ ಬೆರಳಿಟ್ಟು 'ಅಪಾಯದ ಮನೆ' ಎಂದುಬಿಡುತ್ತಾರೆ. ಆ ನಕ್ಷೆಯ ಪ್ರಮಾಣ 1:50,000. ಅಂದರೆ ನೆಲದ ಮೇಲಿನ ಅರ್ಧ ಕಿಲೋಮೀಟರ್ ಕಾಗದದ ಮೇಲೆ ಒಂದು ಸೆಂಟಿಮೀಟರ್. ಹತ್ತು ಮೀಟರ್ ಅಗಲದ ಮನೆ ಅದರಲ್ಲಿ 0.2 ಮಿಲಿಮೀಟರ್ ಆಗುತ್ತದೆ, ಪೆನ್ಸಿಲ್ ಗೆರೆಯೇ ಅದಕ್ಕಿಂತ ದಪ್ಪ. ಒಂದು ಪ್ರದೇಶದ ಸ್ವಭಾವ ತಿಳಿಯಲು ಆ ನಕ್ಷೆ ಸರಿ, ಒಂದು ಮನೆಯ ಜಾತಕ ಬರೆಯಲು ಅಲ್ಲ. ಮನೆಯ ಮಟ್ಟಕ್ಕೆ ಬೇಕಾದದ್ದು ಮನೆಯ ಹಿಂದಿನ ಬರೆಯಲ್ಲಿ, ಅಂದರೆ ಕಡಿದಾದ ಮಣ್ಣಿನ ದಿಣ್ಣೆಯಲ್ಲಿ, ಬಿರುಕು ಇದೆಯೇ, ಚರಂಡಿ ಎತ್ತ ಹರಿಯುತ್ತದೆ, ರಸ್ತೆಗಾಗಿ ಬುಡವನ್ನು ಎಷ್ಟು ಕಡಿದಿದ್ದಾರೆ ಎಂಬ ವಿವರ. ಅದನ್ನು ಕಣ್ಣಾರೆ ನೋಡಬೇಕು, ಭೂವಿಜ್ಞಾನ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು.

ಹಾಡಿಯವನು, ಸಿದ್ದಾಪುರ ಕಡೆ:

ಮೂಲದ ಬಗ್ಗೆ ನನಗೂ ಒಂದು ಹೇಳುವುದಿದೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತಾಗ ಕ್ಯಾಮೆರಾಗಳು ಸಾಲುಗಟ್ಟಿ ಬಂದವು. ಬಂದವರು ಹುಡುಕಿದ್ದು ಕನ್ನಡ ಚೆನ್ನಾಗಿ ಬಲ್ಲವರನ್ನು. ಎರವ ಭಾಷೆ ಮಾತ್ರ ಬಲ್ಲ ಅಜ್ಜಿಯ ಮುಖ ಕ್ಯಾಮೆರಾಕ್ಕೆ ಬೇಕಿತ್ತು, ಮಾತು ಬೇಕಿರಲಿಲ್ಲ. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಕ್ಕೆ ಕುಟುಂಬಗಳು ಹೋದ ನಂತರ ಅಲ್ಲಿನ ಬದುಕು ಕೇಳಲು ಬಂದವರು ಬಹಳ ಕಡಿಮೆ.

ನೀವು ಇಳಿಜಾರಿನ ಲೈನ್ ಮನೆಗಳಿಗೂ, ಅಂದರೆ ತೋಟದ ಕೂಲಿಯವರ ಸಾಲು ಮನೆಗಳಿಗೂ, ಹೋಗುವುದಾದರೆ ಒಂದು ಗಮನದಲ್ಲಿರಲಿ. ತೋಟದ ಮಾಲೀಕರೋ ಲೆಕ್ಕ ಬರೆಯುವ ರೈಟರೋ ಪಕ್ಕದಲ್ಲಿ ನಿಂತಿದ್ದರೆ ಕೂಲಿಯವರು 'ಏನೂ ತೊಂದರೆ ಇಲ್ಲ' ಎನ್ನುತ್ತಾರೆ. ಅಸ್ಸಾಮಿನಿಂದ ಬಂದವರಂತೂ ಬಾಯಿಯೇ ಬಿಡುವುದಿಲ್ಲ. ಸಂತೆಯ ದಿನ ಸಂತೆಯಲ್ಲಿ ಮಾತನಾಡಿಸಿ. ಭಾಷೆ ಬಲ್ಲವರನ್ನು ಕರೆದುಕೊಂಡು ಹೋಗಿ, ಆದರೆ ಆ ದುಭಾಷಿ ಮೇಸ್ತ್ರಿಯ ನಂಟನಾಗಿರಬಾರದು.

ತೋಟದ ಮನೆ, ಮಾದಾಪುರ:

ಎಲ್ಲ ಮಾಲೀಕರೂ ಹಾಗಿಲ್ಲ. 2018ರಲ್ಲಿ ನಮ್ಮ ಲೈನ್ ಮನೆಯವರೂ ನಾವೂ ಒಂದೇ ಸೂರಿನಡಿ ಮಲಗಿದ್ದೇವೆ.

ಹಾಡಿಯವನು, ಸಿದ್ದಾಪುರ ಕಡೆ:

ಇರಬಹುದು ಅಣ್ಣ. ನಾನು ಹೇಳಿದ್ದು ಪಕ್ಕದಲ್ಲಿ ನಿಲ್ಲುವ ವಿಷಯ. ಒಳ್ಳೆಯವರು ನಿಂತರೂ ಮಾತು ಬದಲಾಗುತ್ತದೆ.

ನೋಟಿಸ್ ಮನೆ, ಮಡಿಕೇರಿ:

ನನ್ನ ಮಗ ಇದನ್ನು ತೋರಿಸಿದ. ನಮ್ಮದು ನೋಟಿಸ್ ಬರುವ ಮನೆ. ಆದ್ದರಿಂದ ನಾನೂ ಬರೆಯಬಹುದು ಅಂದುಕೊಂಡೆ.

ಪ್ರತಿ ಮಳೆಗಾಲ ಯಾರಾದರೂ ಮೈಕ್ ಹಿಡಿದು ಬರುತ್ತಾರೆ. 'ಹೆದರಿಕೆ ಆಗುತ್ತದೆಯೇ' ಎಂದು ಕೇಳುತ್ತಾರೆ. ಆಗುತ್ತದೆ ಎಂದರೆ ಅಳುವವರೆಗೂ ಬಿಡುವುದಿಲ್ಲ, ಆಗುವುದಿಲ್ಲ ಎಂದರೆ ಪಕ್ಕದ ಮನೆಗೆ ಹೋಗುತ್ತಾರೆ. ನಮ್ಮ ಗೋಳು ನಮಗೆ ಗೊತ್ತು, ಅದನ್ನು ನಮಗೇ ತೋರಿಸಿ ಏನು ಪ್ರಯೋಜನ? ನಮಗೆ ತಿಳಿಯಬೇಕಾದದ್ದು ಬೇರೆ. ಈ ವರ್ಷ ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ? ಹೆಂಗಸರಿಗೆ ಬೇರೆ ಕೋಣೆ ಇದೆಯೇ? ಆಡುಗಳನ್ನು ಎಲ್ಲಿ ಕಟ್ಟುವುದು? ರಾತ್ರಿ ಎರಡು ಗಂಟೆಗೆ ಹೊರಡಬೇಕಾಗಿ ಬಂದರೆ ಯಾರಿಗೆ ಫೋನ್ ಮಾಡಬೇಕು, ಗಾಡಿ ಯಾರು ತರುತ್ತಾರೆ? ಬಾಡಿಗೆ ಮನೆಗೆ ಹೋದರೆ ಮುಂಗಡ ಯಾರು ಕೊಡುತ್ತಾರೆ? ಇಷ್ಟು ಕೇಳಿ ಬರೆದರೆ ನಾನು ಆ ಕಾಗದವನ್ನು ಗೋಡೆಗೆ ಅಂಟಿಸಿಕೊಳ್ಳುತ್ತೇನೆ.

ನನ್ನ ಅತ್ತೆಗೆ ಕನ್ನಡ ಓದಲು ಬರುವುದಿಲ್ಲ, ಮಲಯಾಳದಲ್ಲಿ ಹೇಳಿದರೆ ತಿಳಿಯುತ್ತದೆ. ಮೇಲಿನ ಸಾಲಿನಲ್ಲಿ ತಮಿಳಿನವರಿದ್ದಾರೆ, ಕೆಳಗೆ ತುಳುವಿನವರಿದ್ದಾರೆ.

ನನ್ನ ಹೆಸರು ಹಾಕಿದರೂ ಚಿಂತೆಯಿಲ್ಲ. ಆದರೆ ನಮ್ಮ ಸಾಲಿನಲ್ಲಿ ಹಲವರದು ಪೈಸಾರಿ ಜಾಗ, ಅಂದರೆ ಸರ್ಕಾರಿ ಜಾಗ. ಮನೆಯನ್ನು ಸಕ್ರಮ ಮಾಡಿಕೊಡಿ ಎಂದು 94ಸಿಸಿ ಅರ್ಜಿ ಹಾಕಿ ಹಕ್ಕುಪತ್ರಕ್ಕೆ ಕಾಯುತ್ತಿದ್ದಾರೆ. 'ಅಪಾಯದ ಜಾಗ' ಎಂದು ಅವರ ಬಾಯಿಂದಲೇ ಪತ್ರಿಕೆಯಲ್ಲಿ ಬಂದರೆ ಅರ್ಜಿ ಏನಾಗುತ್ತದೋ ಎಂಬ ಭಯ ಅವರಿಗೆ. ಬೆಟ್ಟಕ್ಕಿಂತ ಆ ಭಯವೇ ದೊಡ್ಡದು.

ಹಳೆಯ ಬಾತ್ಮೀದಾರ, ಸೋಮವಾರಪೇಟೆ:

ಮಕ್ಕಳೇ, ಈ ತಾಯಿ ಬರೆದದ್ದನ್ನು ಎರಡು ಸಲ ಓದಿ. ನಿಮ್ಮ ವರದಿಯ ಪ್ರಶ್ನೆಪಟ್ಟಿಯನ್ನು ಅವರೇ ಕೊಟ್ಟಿದ್ದಾರೆ. ಜನ ಏಕೆ ಮನೆ ಬಿಡುವುದಿಲ್ಲ ಎಂಬುದಕ್ಕೆ 'ಭಾವನಾತ್ಮಕ ನಂಟು' ಎಂದು ಬರೆದು ಮುಗಿಸುವವರೇ ಹೆಚ್ಚು. ಇಲ್ಲಿ ಕಾರಣ ಕಂದಾಯ ಕಚೇರಿಯ ಕಡತದಲ್ಲಿದೆ. ಹಾಗಾದರೆ ನಿಮ್ಮ ಮುಂದಿನ ಮೂಲ ಯಾರು? ತಹಶೀಲ್ದಾರ್. ಪ್ರಶ್ನೆ ಒಂದೇ: ನೋಟಿಸ್ ಪಡೆದು ತೆರಳಿದರೆ ಬಾಕಿ ಇರುವ ಅರ್ಜಿಗೆ ಧಕ್ಕೆ ಬರುತ್ತದೆಯೇ, ಇಲ್ಲವೇ? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಆ ಒಂದು ಉತ್ತರ ಸಿಕ್ಕರೆ ಎಷ್ಟೋ ಮನೆಯವರು ನಿಶ್ಚಿಂತೆಯಿಂದ ಹೊರಡಬಹುದು.

ಹೆಸರಿನ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟು. ಅಧಿಕಾರಿಗೆ, ಚುನಾಯಿತರಿಗೆ ಹೆಸರು ಇರಲೇಬೇಕು. 'ಹೆಸರು ಹೇಳಲಿಚ್ಛಿಸದ ಅಧಿಕಾರಿ' ಎಂಬುದನ್ನು ವಿದ್ಯಾರ್ಥಿ ಪತ್ರಿಕೆಯಲ್ಲಿ ಬಳಸಲೇಬೇಡಿ. ಹಕ್ಕುಪತ್ರಕ್ಕೆ ಕಾಯುವವರ ಹೆಸರು ಬೇಡ. ಹೆಸರು ಬಿಟ್ಟರೆ ಸಾಲದು, ಫೋಟೊದಲ್ಲಿ ಮನೆಯ ಬಾಗಿಲು, ಬಣ್ಣ, ಅಂಗಳದ ತುಳಸಿಕಟ್ಟೆ ಬಂದರೂ ಊರಿಗೆ ಗುರುತು ಸಿಗುತ್ತದೆ. ನಮ್ಮದು ಸಣ್ಣ ಜಿಲ್ಲೆ. ಕಾಳಜಿ ಕೇಂದ್ರದಲ್ಲಿ ಊಟಕ್ಕೆ ಕುಳಿತ ಮಕ್ಕಳ ಮುಖ ತೆಗೆಯುವ ಚಟವೂ ಬೇಡ.

ರೀಲ್ ಪಕ್ಷ:

ಸರಿ, ಮನೆಯವರಿಗೇ ಮುಟ್ಟಿಸುವುದು ಎಂದಾದರೆ ರೀಲ್ ಅಲ್ಲಿ ನಡೆಯುವುದಿಲ್ಲ ಎಂದು ಒಪ್ಪುತ್ತೇನೆ. ಆದರೆ ನಾಲ್ಕು ಪುಟದ ಪತ್ರಿಕೆಯೂ ನಡೆಯುವುದಿಲ್ಲವಲ್ಲ?

ರಾತ್ರಿ ಡೆಸ್ಕ್, ಮೈಸೂರು:

ನಡೆಯುವುದಿಲ್ಲ. ಜುಲೈ ತಿಂಗಳ ಪರಿಸ್ಥಿತಿ ನೆನಪಿಸಿಕೊಳ್ಳಿ. ಮರ ಬಿದ್ದು ವಿದ್ಯುತ್ ಹೋಗುತ್ತದೆ, ಟವರಿನ ಬ್ಯಾಟರಿ ಖಾಲಿಯಾದರೆ ನೆಟ್‌ವರ್ಕ್ ಹೋಗುತ್ತದೆ. ಆಗ ವಿಡಿಯೊ ಇಳಿಯುವುದಿಲ್ಲ. ಎರಡು ನಿಮಿಷದ ಧ್ವನಿ ಸಂದೇಶ ಒಂದು ಎಂಬಿಗಿಂತ ಕಡಿಮೆ, ನೆಟ್‌ವರ್ಕ್ ಒಂದು ಕ್ಷಣ ಬಂದರೂ ಇಳಿಯುತ್ತದೆ, ಇಳಿದದ್ದು ಫೋನಿನಲ್ಲಿ ಉಳಿಯುತ್ತದೆ. ಮಲಯಾಳ, ತಮಿಳು, ತುಳು ಮೂರರಲ್ಲೂ ಹೇಳಿಸಬಹುದು. ಅದರ ಜೊತೆಗೆ ಒಂದೇ ಹಾಳೆಯ ಗೋಡೆಪತ್ರಿಕೆ. ದಪ್ಪ ಅಕ್ಷರ. ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಬಸ್ ತಂಗುದಾಣದಲ್ಲಿ ಅಂಟಿಸಿ. ಕರೆಂಟ್ ಇಲ್ಲದಿದ್ದರೂ ಅದನ್ನು ಓದಬಹುದು.

ಒಂದು ತೊಡಕು ಇದೆ. ಧ್ವನಿ ಸಂದೇಶಕ್ಕೆ ಮುಖವಿಲ್ಲ, ಅದು ಗುಂಪಿನಿಂದ ಗುಂಪಿಗೆ ಹಾರಿ ಮುಂದಿನ ವರ್ಷವೂ ಸುತ್ತುತ್ತಿರುತ್ತದೆ. ಆರಂಭದಲ್ಲೂ ಕೊನೆಯಲ್ಲೂ ದಿನಾಂಕ, ವರ್ಷ, ನಿಮ್ಮ ವಿಭಾಗದ ಹೆಸರು ಹೇಳಿ. ಹಿನ್ನೆಲೆಗೆ ಸೈರನ್, ಗುಡುಗು ಹಾಕುವ ಬುದ್ಧಿವಂತಿಕೆ ಬೇಡ. ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹರಡಿ ಜನರನ್ನು ಗಾಬರಿಗೊಳಿಸಿದರೆ ಅದೇ 2005ರ ಕಾಯ್ದೆಯ 54ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆ.

ಕೊನೆಯ ಬೆಂಚು, ಮಡಿಕೇರಿ:

ಆಕಾಶವಾಣಿ ಮಡಿಕೇರಿಗೆ ಕೊಡಬಹುದೇ? ಸಮುದಾಯ ಬಾನುಲಿ ಆಗುವುದಿಲ್ಲವೇ?

ಹಳೆಯ ಬಾತ್ಮೀದಾರ, ಸೋಮವಾರಪೇಟೆ:

ಆಕಾಶವಾಣಿಯ ಕಾರ್ಯಕ್ರಮ ವಿಭಾಗಕ್ಕೆ ಪತ್ರ ಬರೆದು ಕೇಳಿ. ತೋಟದ ಕೆಲಸದವರ ಬಳಿ ಇಂದಿಗೂ ರೇಡಿಯೊ ಇದೆ, ಬ್ಯಾಟರಿ ಇದ್ದರೆ ಸಾಕು. ಸಮುದಾಯ ಬಾನುಲಿಗೆ ಸ್ವಂತ ಸುದ್ದಿ ಪ್ರಸಾರ ಮಾಡಲು ಅನುಮತಿ ಇಲ್ಲ, ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಬಹುದು ಅಷ್ಟೆ. ಆದರೆ ಹವಾಮಾನ, ರಸ್ತೆ ಸಂಚಾರ, ಸ್ಥಳೀಯ ಪ್ರಕಟಣೆಯಂಥವನ್ನು ನಿಯಮದಲ್ಲಿ ಸುದ್ದಿಯೆಂದು ಎಣಿಸುವುದಿಲ್ಲ. ಕಾಳಜಿ ಕೇಂದ್ರ ಎಲ್ಲಿದೆ ಎಂದು ಹೇಳುವುದಕ್ಕೆ ಅಡ್ಡಿಯಾಗಲಾರದು.

ಭೂಗೋಳದ ಮೇಷ್ಟ್ರು, ಕುಶಾಲನಗರ:

ಪ್ರಾಯೋಗಿಕ ಪತ್ರಿಕೆಯನ್ನು ಇಷ್ಟು ಬೇಗ ಕೈಬಿಡಬೇಡಿ. ನೋಟಿಸ್ ಲೆಕ್ಕ, ಯೋಜನೆಯ ಪುಟ, ತಹಶೀಲ್ದಾರರ ಲಿಖಿತ ಉತ್ತರ, ಇವೆಲ್ಲ ಧ್ವನಿ ಸಂದೇಶದಲ್ಲಿ ಹಿಡಿಸುವುದಿಲ್ಲ. ಅದರ ಓದುಗರು ನಗರಸಭೆಯ ಸದಸ್ಯರು, ಪಂಚಾಯಿತಿಯವರು, ಜಿಲ್ಲಾಡಳಿತ. ಮುಂದಿನ ವರ್ಷದ ವಿದ್ಯಾರ್ಥಿಗಳಿಗೂ ಹೋಲಿಸಿ ನೋಡಲು ಒಂದು ದಾಖಲೆ ಬೇಕು. ಕಪಾಟಿನ ದೂಳನ್ನು ಹೀಯಾಳಿಸಿದ ಹುಡುಗನಿಗೆ ಇದನ್ನು ಹೇಳಿ.

ರಾತ್ರಿ ಡೆಸ್ಕ್, ಮೈಸೂರು:

ಮೇಷ್ಟ್ರೇ, ಆರು ಜನರಿಗೆ ನಾಲ್ಕು ರೂಪ ಎಂದರೆ ನಾಲ್ಕೂ ಅರೆಬೆಂದು ಹೊರಬರುತ್ತವೆ. ಎರಡು ಸಾಕು ಎಂಬುದು ನನ್ನ ಅಭಿಪ್ರಾಯ: ಮನೆಗಳಿಗೆ ಧ್ವನಿ ಮತ್ತು ಗೋಡೆಹಾಳೆ ಸೇರಿ ಒಂದು, ಆಡಳಿತಕ್ಕೆ ಪತ್ರಿಕೆ ಇನ್ನೊಂದು.

ರೀಲ್ ಪಕ್ಷ:

ಬೆಂಗಳೂರಿನಲ್ಲಿರುವ ಮಗ, ಮಗಳು? ಮಡಿಕೇರಿಯಲ್ಲಿ ಅಪ್ಪ ಅಮ್ಮನನ್ನು ಬಿಟ್ಟುಹೋದವರು? 'ಮನೆ ಬಿಟ್ಟು ಹೊರಡಿ' ಎಂದು ಅಪ್ಪನನ್ನು ಫೋನಿನಲ್ಲಿ ಒಪ್ಪಿಸಬೇಕಾದವರು ಅವರೇ. ಅವರು ನೋಡುವುದು ರೀಲ್.

ನೋಟಿಸ್ ಮನೆ, ಮಡಿಕೇರಿ:

ಆ ಹುಡುಗ ಹೇಳಿದ್ದು ನಿಜ. ನನ್ನ ಮಾವ ಯಾರ ಮಾತೂ ಕೇಳುವುದಿಲ್ಲ, ಬೆಂಗಳೂರಿನ ಮಗಳು ಗದರಿದರೆ ಮಾತ್ರ ಕೇಳುತ್ತಾರೆ.

ರಾತ್ರಿ ಡೆಸ್ಕ್, ಮೈಸೂರು:

ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಮಾಡಿ. ಆದರೆ ಮಂಜಿನ ಬೆಟ್ಟ ಬೇಡ, ಕಾಳಜಿ ಕೇಂದ್ರದ ಬಾಗಿಲು ತೋರಿಸಿ. ಬೇರೆಯವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಕುಸಿತದ ದೃಶ್ಯ ಬಳಸಬೇಡಿ. ತೆಗೆದ ದಿನಾಂಕ, ಸ್ಥಳದ ವಿವರ ಅಲ್ಲಿ ಅಳಿಸಿಹೋಗಿರುತ್ತದೆ. ಬಳಸಲೇಬೇಕಾದರೆ ತೆಗೆದವರಿಂದ ಮೂಲ ಕಡತವನ್ನೇ ಪಡೆದು, ಆ ಜಾಗಕ್ಕೆ ಹೋಗಿ ಹೋಲಿಸಿ ನೋಡಿ.

ಕೊನೆಯ ಬೆಂಚು, ಮಡಿಕೇರಿ:

ಎಲ್ಲರಿಗೂ ವಂದನೆ. ಇಂದು ಸಂಜೆ ಕುಳಿತು ಹಂಚಿಕೊಂಡೆವು. ಇಬ್ಬರು ಮಾಹಿತಿ ಹಕ್ಕು ಅರ್ಜಿ ಮತ್ತು ಪತ್ರಿಕೆ. ಇಬ್ಬರು ಧ್ವನಿ. ಅವರಲ್ಲಿ ಒಬ್ಬಳ ಮನೆಮಾತು ಮಲಯಾಳ, ತಮಿಳು ಮತ್ತು ತುಳುವಿಗೆ ಕಾಲೇಜಿನಲ್ಲೇ ಹುಡುಕುತ್ತಿದ್ದೇವೆ. ನಾನು ಗೋಡೆಹಾಳೆ, ಅದರಲ್ಲಿ ಮಳೆಯ ಲೆಕ್ಕ ಇಂಚಿನಲ್ಲೂ ಇರುತ್ತದೆ ಎಂದು ಮಾದಾಪುರದ ಹಿರಿಯರಿಗೆ ತಿಳಿಸಿ. ಅಕ್ಕ, ನಿಮ್ಮ ಪ್ರಶ್ನೆಗಳನ್ನು ಹಾಗೆಯೇ ತಹಶೀಲ್ದಾರರ ಮುಂದೆ ಇಡುತ್ತೇವೆ. ಹೋಗುವ ಮೊದಲು ನಿಮ್ಮ ಸಾಲಿನವರಿಗೆ ಓದಿ ಹೇಳಿ, ಬಿಟ್ಟುಹೋದದ್ದನ್ನು ಸೇರಿಸುತ್ತೇವೆ. ಭಾನುವಾರ ಬಂದರೆ ಮನೆಯಲ್ಲಿರುತ್ತೀರಾ?

ನೋಟಿಸ್ ಮನೆ, ಮಡಿಕೇರಿ:

ಭಾನುವಾರ ಬೆಳಗ್ಗೆ ಕೆಲಸಕ್ಕೆ ಹೋಗುತ್ತೇನೆ. ಮೂರು ಗಂಟೆಯ ಮೇಲೆ ಬನ್ನಿ. ಕ್ಯಾಮೆರಾ ಮೊದಲ ದಿನ ತರಬೇಡಿ.

ರೀಲ್ ಪಕ್ಷ:

ತರುವುದಿಲ್ಲ ಅಕ್ಕ. ಅಂದು ನನಗೆ ಕೊಟ್ಟಿರುವ ಕೆಲಸ ಶಾಲೆಯ ಬೀಗ ಯಾರ ಬಳಿ ಇದೆ ಎಂದು ಪತ್ತೆ ಹಚ್ಚುವುದು. ಮುಖ್ಯ ಶಿಕ್ಷಕರ ಬಳಿ ಇದೆ ಎಂದು ಜವಾನರು, ಜವಾನರ ಬಳಿ ಇದೆ ಎಂದು ಮುಖ್ಯ ಶಿಕ್ಷಕರು ಈಗಾಗಲೇ ಹೇಳಿದ್ದಾರೆ.